ಸಂಬಳಕ್ಕೆ ಬಂದವಳು ಹೇಳುವ ನಿಜ: ಥೆಲ್ಮಾ ರಿಟ್ಟರ್ ಬಗ್ಗೆ ಒಂದಿಷ್ಟು ಮಾತು

(ಚಿತ್ರಾಸಕ್ತರ ಕೂಟವೊಂದರಲ್ಲಿ 'ರಿಯರ್ ವಿಂಡೋ' ಪ್ರದರ್ಶನದ ನಂತರ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಚಿತ್ರ ಮುಗಿಸಿ ಕೂತಿದ್ದೀರಿ. ನಿರ್ದೇಶಕ ಹಿಚ್‌ಕಾಕ್‌ನ ಕ್ಯಾಮೆರಾ ಬಗ್ಗೆ, ನಾಯಕಿ ಗ್ರೇಸ್ ಕೆಲಿಯ ಉಡುಪುಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಅವರಿಗೇ ಬಿಡೋಣ. ನಾನು ಮಾತಾಡಬೇಕು ಅಂದುಕೊಂಡಿರುವುದು ದಿನಾ ಬೆಳಿಗ್ಗೆ ಬ್ಯಾಗು ಹಿಡಿದು ಬಂದು, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಕೂತ ಆ ಫೋಟೋಗ್ರಾಫರನಿಗೆ ಎಣ್ಣೆ ತಿಕ್ಕಿ, ಬೈದು, ತಿಂಡಿ ಮಾಡಿಕೊಟ್ಟು ಹೋಗುವ ಆ ನರ್ಸಮ್ಮನ ಬಗ್ಗೆ. ಪಾತ್ರದ ಹೆಸರು ಸ್ಟೆಲ್ಲಾ. ನಟಿ ಥೆಲ್ಮಾ ರಿಟ್ಟರ್.

ರಿಟ್ಟರ್ ಹುಟ್ಟಿದ್ದು 1902ರ ಫೆಬ್ರವರಿ 14ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮೊದಲ ಸಿನಿಮಾದಲ್ಲಿ ಕಾಣಿಸಿಕೊಂಡದ್ದು 1947ರಲ್ಲಿ. ಲೆಕ್ಕ ಹಾಕಿ, ನಲವತ್ತೈದು ವರ್ಷ. ಹಾಲಿವುಡ್ಡಿನಲ್ಲಿ ನಾಯಕಿಯರು ಮನೆಗೆ ಹೋಗುವ ವಯಸ್ಸಿನಲ್ಲಿ ಈಕೆ ಒಳಗೆ ಬಂದರು. ಅದಕ್ಕೆ ಮುಂಚೆ ಸುಮ್ಮನೆ ಕೂತಿರಲಿಲ್ಲ. ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ಸ್‌ನಲ್ಲಿ ನಟನೆ ಕಲಿತು, ನಾಟಕ ಕಂಪನಿಗಳಲ್ಲಿ ದುಡಿದಿದ್ದರು. 1927ರಲ್ಲಿ ಜೋಸೆಫ್ ಮೊರಾನ್ ಎಂಬ ನಟನನ್ನು ಮದುವೆಯಾದರು. ಆತ ಆಮೇಲೆ ರಂಗಭೂಮಿ ಬಿಟ್ಟು ಜಾಹೀರಾತು ಕಂಪನಿ ಸೇರಿ ಅಲ್ಲಿ ದೊಡ್ಡ ಹುದ್ದೆಗೇರಿದ. ಇಬ್ಬರು ಮಕ್ಕಳಾದರು. ಅವರನ್ನು ಸಾಕುವುದಕ್ಕೆ ರಿಟ್ಟರ್ ನಟನೆಯಿಂದ ದೂರ ಉಳಿದರು. ನಲವತ್ತರ ದಶಕದಲ್ಲಿ ರೇಡಿಯೋ ನಾಟಕಗಳ ಮೂಲಕ ಮತ್ತೆ ಕೆಲಸಕ್ಕೆ ಬಂದರು. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ. ಇಡೀ ಮನುಷ್ಯನನ್ನು ದನಿಯಲ್ಲೇ ಕಟ್ಟಬೇಕು. ಮರಳು ಕಾಗದದಲ್ಲಿ ಉಜ್ಜಿದಂಥ ಆ ಬ್ರೂಕ್ಲಿನ್ ದನಿ ಎಷ್ಟು ದೂರ ಹೋಗಬಲ್ಲದು ಅನ್ನುವುದು ಈಕೆಗೆ ಅಲ್ಲೇ ಗೊತ್ತಾಗಿರಬೇಕು ಅಂತ ನನ್ನ ಊಹೆ.

ಸಿನಿಮಾಕ್ಕೆ ಕರೆದದ್ದು ನಿರ್ದೇಶಕ ಜಾರ್ಜ್ ಸೀಟನ್, ಹಳೆಯ ಪರಿಚಯದವರು. ಚಿತ್ರ 'ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್'. ಮೇಸೀಸ್ ಎಂಬ ದೊಡ್ಡ ಅಂಗಡಿಯಲ್ಲಿ ಕ್ರಿಸ್‌ಮಸ್ ನೂಕುನುಗ್ಗಲು. ಪುಟ್ಟ ಹುಡುಗ ಸಾಂಟಾ ಕ್ಲಾಸ್‌ನ ಹತ್ತಿರ ಆಟಿಕೆ ಫೈರ್ ಎಂಜಿನ್ ಕೇಳುತ್ತಾನೆ. ಊರೆಲ್ಲ ಸುತ್ತಿ ಅದು ಸಿಗದೆ ಸುಸ್ತಾದ ತಾಯಿ ಹಿಂದೆ ನಿಂತಿದ್ದಾಳೆ. ಸಾಂಟಾ 'ಕೊಡಿಸೋಣ' ಅಂತ ಮಾತು ಕೊಟ್ಟೇಬಿಡುತ್ತಾನೆ. ತಾಯಿಗೆ ಮೈಯೆಲ್ಲ ಉರಿಯುತ್ತದೆ. ಆಗ ಆ ಮುದುಕ, ಇಂಥ ಬೇರೆ ಅಂಗಡಿಯಲ್ಲಿ ಅದು ಸಿಗುತ್ತದೆ, ಅಲ್ಲಿಗೆ ಹೋಗಿ ಅನ್ನುತ್ತಾನೆ. ತನ್ನ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ಅವಳು ಜನ್ಮದಲ್ಲಿ ಕಂಡಿಲ್ಲ. ಬಾಯಿ ಬಿಟ್ಟುಕೊಂಡು ನೋಡುವ ಆ ಮುಖ ಇದೆಯಲ್ಲ, ಅದರಲ್ಲಿ ಖುಷಿ ಕಡಿಮೆ, ಅನುಮಾನ ಜಾಸ್ತಿ. ಸ್ಟುಡಿಯೋ ಯಜಮಾನ ಡ್ಯಾರಿಲ್ ಝನಕ್ ಇದನ್ನು ನೋಡಿ, ಈ ಹೆಂಗಸಿನ ಪಾತ್ರ ಇನ್ನೊಂದಿಷ್ಟು ಬೆಳೆಸಿ ಅಂತ ಹೇಳಿದರಂತೆ. ಬೆಳೆಸಿದರೂ ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಲಿಲ್ಲ. ಅಂದ ಹಾಗೆ, 1968ರಲ್ಲಿ ರಿಟ್ಟರ್ ನಟಿಸಿದ ಕೊನೆಯ ಚಿತ್ರಕ್ಕೂ ಸೀಟನ್ನರೇ ನಿರ್ದೇಶಕರು.

1949ರ 'ಎ ಲೆಟರ್ ಟು ಥ್ರೀ ವೈವ್ಸ್'ನಲ್ಲೂ ಹೆಸರಿಲ್ಲ. ಮನೆಕೆಲಸದ ಸೇಡಿಯ ಪಾತ್ರ. ರೈಲು ಹಳಿಯ ಪಕ್ಕದ ಮನೆ. ರೈಲು ಹೋದಾಗೆಲ್ಲ ಇಡೀ ಅಡುಗೆಮನೆ ಗಡಗಡ ನಡುಗುತ್ತದೆ. ಆ ಮನೆಗೆ ಬಂದು ಕೂರುವ ಸೇಡಿಗೆ ಅದು ಲೆಕ್ಕಕ್ಕೇ ಇಲ್ಲ. ಈ ಚಿತ್ರ ಬರೆದು ನಿರ್ದೇಶಿಸಿದ ಜೋಸೆಫ್ ಮ್ಯಾಂಕಿವಿಚ್ ಮುಂದಿನ ವರ್ಷ 'ಆಲ್ ಅಬೌಟ್ ಈವ್' ಮಾಡುವಾಗ ರಿಟ್ಟರ್‌ಗಾಗಿಯೇ ಒಂದು ಪಾತ್ರ ಬರೆದರು. ಬರ್ಡಿ ಅಂತ ಹೆಸರು. ದೊಡ್ಡ ನಾಟಕ ನಟಿ ಮಾರ್ಗೊಗೆ ಬಟ್ಟೆ ತೊಡಿಸುವ, ಮನೆ ನೋಡಿಕೊಳ್ಳುವ ಹೆಂಗಸು. ಮಾರ್ಗೊ ಪಾತ್ರದಲ್ಲಿ ಬೆಟಿ ಡೇವಿಸ್.

ಇಲ್ಲಿಂದ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವ ಸಂಗತಿ ಶುರುವಾಗುತ್ತದೆ. ರಿಟ್ಟರ್ ಮಾಡಿದ ಪಾತ್ರಗಳನ್ನು ಸಾಲಾಗಿ ನೋಡಿ: ವಿಮೆ ಕಂಪನಿ ಕಳಿಸಿದ ನರ್ಸು, ಡ್ರೆಸ್ಸಿಂಗ್ ರೂಮಿನ ಸಹಾಯಕಿ, ಮನೆಕೆಲಸದವಳು, ಪೊಲೀಸರಿಗೆ ಸುದ್ದಿ ಮಾರುವವಳು, ಗಂಡು ಹೆಣ್ಣು ಕೂಡಿಸುವ ದಲ್ಲಾಳಿ. ಎಲ್ಲರೂ ದುಡ್ಡಿಗೆ ಕೆಲಸ ಮಾಡುವವರು. ಅಮೆರಿಕನ್ ಸಿನಿಮಾದಲ್ಲಿ ಇಂಥವರು ಟ್ರೇ ಹಿಡಿದು ಬಂದು 'ಊಟ ರೆಡಿ' ಅಂದು ಹೋಗುವುದೇ ರೂಢಿ. ರಿಟ್ಟರ್ ಬಂದ ಮೇಲೆ ಅವರು ಅಲ್ಲೇ ನಿಂತು ಯಜಮಾನರ ಮುಖ ನೋಡತೊಡಗಿದರು. ನಾಯಕ ನಾಯಕಿಯರಿಗೆ ಪ್ರೇಮ, ಮಾನ, ಮಹತ್ವಾಕಾಂಕ್ಷೆ ಅಂತ ನೂರು ಮರ್ಜಿ ಇರುತ್ತವೆ. ಸಂಬಳಕ್ಕೆ ಬಂದವಳಿಗೆ ಅದ್ಯಾವುದೂ ಇಲ್ಲ, ಆದ್ದರಿಂದ ಅವಳಿಗೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಸಂಜೆಯಾದರೆ ಅವಳು ಅವಳ ಮನೆಗೆ ಹೋಗುತ್ತಾಳೆ. ರಿಟ್ಟರ್ ಈ ಪಾತ್ರಗಳಿಗೆ ತಂದದ್ದು ಮುಖ್ಯವಾಗಿ ಇದನ್ನೇ: ತಮಗೂ ಬೇರೆ ಕಡೆ ಒಂದು ಬದುಕಿದೆ, ಇಲ್ಲಿಗೆ ಬಂದದ್ದು ಕೆಲಸಕ್ಕೆ ಅನ್ನುವ ನಿಲುವು.

'ಆಲ್ ಅಬೌಟ್ ಈವ್'ನ ಆ ಡ್ರೆಸ್ಸಿಂಗ್ ರೂಮಿನ ದೃಶ್ಯ ನೆನಪಿಸಿಕೊಳ್ಳಿ. ಈವ್ ಎಂಬ ಬಡ ಹುಡುಗಿ ತನ್ನ ಕಷ್ಟದ ಕಥೆ ಹೇಳುತ್ತಾಳೆ. ಕೋಣೆಯಲ್ಲಿದ್ದವರೆಲ್ಲ ಕರಗಿ ನೀರಾಗುತ್ತಾರೆ. ಬರ್ಡಿ ಹಿಂದೆ ವಾಡೆವಿಲ್ ಎಂಬ ಹಾಡು, ಕುಣಿತ, ಹಾಸ್ಯದ ಸ್ಟೇಜಿನಲ್ಲಿ ಆಡಿ ಬಂದವಳು, ಇಂಥ ಕಥೆ ಎಷ್ಟು ಕೇಳಿಲ್ಲ! ಮೆಲೋಡ್ರಾಮಾದಲ್ಲಿ ಇರಬೇಕಾದದ್ದೆಲ್ಲ ಇದೆ, ಹಿಂದೆ ಬೇಟೆನಾಯಿಗಳು ಅಟ್ಟಿಸಿಕೊಂಡು ಬರಲಿಲ್ಲ ಅಷ್ಟೇ ಅನ್ನುವ ಅರ್ಥದ ಒಂದು ಮಾತು ಒಗೆಯುತ್ತಾಳೆ. ಮಾರ್ಗೊ ಗದರುತ್ತಾಳೆ. ಬರ್ಡಿ ಕ್ಷಮೆ ಕೇಳುತ್ತಾಳೆ. ಕೆಲಸದವಳು, ಕೇಳಲೇಬೇಕು. ಮುಂದೆ ಇನ್ನೊಂದು ದೃಶ್ಯದಲ್ಲಿ ಮಾರ್ಗೊ, ನಿನಗೆ ಈವ್ ಕಂಡರೆ ಆಗಲ್ಲ ಅಲ್ವಾ ಅಂತ ಕೇಳಿದಾಗ, ನಿಮಗೆ ಉತ್ತರ ಬೇಕೋ ಜಗಳ ಬೇಕೋ ಅನ್ನುತ್ತಾಳೆ. ಉತ್ತರ ಬೇಕು ಅಂದರೆ, 'ಇಲ್ಲ'. ಯಾಕೆ ಅಂದರೆ, 'ಈಗ ಜಗಳ ಬೇಕು ಅಂತೀರಿ'. ಹೇಳುವಾಗ ದನಿ ಏರುವುದಿಲ್ಲ, ಹುಬ್ಬು ಹಾರುವುದಿಲ್ಲ. ಬೆಟಿ ಡೇವಿಸ್‌ಳಂಥ ಬಿರುಗಾಳಿಯ ಎದುರು ಹೀಗೆ ತಣ್ಣಗೆ ನಿಲ್ಲುವುದಕ್ಕೆ ಎಂಟೆದೆ ಬೇಕು.

ಆಮೇಲೆ ಏನಾಯಿತು? ಮಧ್ಯದ ಪಾರ್ಟಿ ದೃಶ್ಯದ ನಂತರ ಬರ್ಡಿ ಚಿತ್ರದಿಂದಲೇ ಮಾಯ. ಯಾರೂ ಅವಳು ಎಲ್ಲಿ ಅಂತ ಕೇಳುವುದಿಲ್ಲ. ಮಾರ್ಗೊಳ ಜಾಗ ಕಬಳಿಸಲು ಹೊರಟ ಈವ್‌ಳ ನಿಜಬಣ್ಣ ಮೊದಲು ಕಂಡವಳು, ಅದು ಊರಿಗೆಲ್ಲ ಗೊತ್ತಾಗುವ ಹೊತ್ತಿಗೆ ಕಥೆಯಲ್ಲಿ ಇಲ್ಲ. ಇದನ್ನು ಮ್ಯಾಂಕಿವಿಚ್‌ನ ಮರೆವು ಅಂತ ಕೆಲವರು ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. 1961ರ 'ದಿ ಮಿಸ್‌ಫಿಟ್ಸ್'ನಲ್ಲೂ ಇದೇ ಆಗುತ್ತದೆ. ರಿನೋ ಊರಿನಲ್ಲಿ ವಿಚ್ಛೇದನಕ್ಕೆ ಬಂದ ಹೆಂಗಸರಿಗೆ ಕೋಣೆ ಬಾಡಿಗೆ ಕೊಡುವ ಇಸಬೆಲ್, ಕೈಗೆ ಪಟ್ಟಿ ಕಟ್ಟಿಕೊಂಡು, ಕೋರ್ಟಿನಲ್ಲಿ ಏನು ಹೇಳಬೇಕು ಅಂತ ಮರ್ಲಿನ್ ಮನ್ರೋಗೆ ಪಾಠ ಹೇಳಿಕೊಡುತ್ತಾಳೆ. ಗಂಡಸರ ವಿಷಯದಲ್ಲಿ ಅವಳಿಗೆ ಯಾವ ಭ್ರಮೆಯೂ ಇಲ್ಲ, ದ್ವೇಷವೂ ಇಲ್ಲ. ತನ್ನ ಹಳೆಯ ಗಂಡ ಮತ್ತು ಅವನ ಹೊಸ ಹೆಂಡತಿ ಎದುರಾದರೆ ಖುಷಿಯಿಂದ ಅವರ ಜೊತೆ ಹೊರಟೇಬಿಡುತ್ತಾಳೆ. ಚಿತ್ರ ಅಲ್ಲಿಂದ ಮುಂದೆ ಕುದುರೆ ಹಿಡಿಯುವ ಗಂಡಸರ ಸಂಕಟಕ್ಕೆ ಹೊರಳಿ ಭಾರವಾಗುತ್ತದೆ. ನನ್ನ ಮಟ್ಟಿಗೆ ಆ ಚಿತ್ರದ ಉಸಿರು ಅರ್ಧಕ್ಕೇ ಆಚೆ ಹೋಗುತ್ತದೆ. ಸಮಚಿತ್ತದ ಮನುಷ್ಯರು ಹತ್ತಿರವಿದ್ದರೆ ದೊಡ್ಡ ನಾಟಕಗಳು ನಡೆಯುವುದಿಲ್ಲ. ಅದಕ್ಕೇ ಬರಹಗಾರರು ಈಕೆಯನ್ನು ಹೊರಗೆ ಕಳಿಸುತ್ತಾರೆ.

ಈಗ ನಾವು ನೋಡಿದ 'ರಿಯರ್ ವಿಂಡೋ'ಗೆ ಬರೋಣ, 1954. ಕಾಲು ಮುರಿದು ಮನೆಯಲ್ಲೇ ಕೂತ ಫೋಟೋಗ್ರಾಫರ್ (ಜೇಮ್ಸ್ ಸ್ಟೀವರ್ಟ್) ಕಿಟಕಿಯಿಂದ ನೆರೆಮನೆಗಳನ್ನು ನೋಡುತ್ತ, ಎದುರುಮನೆಯವನು ಹೆಂಡತಿಯನ್ನು ಕೊಂದಿದ್ದಾನೆ ಅಂತ ಅನುಮಾನಪಡುವ ಕಥೆ. ಕಾರ್ನೆಲ್ ವುಲ್ರಿಚ್ ಬರೆದ ಮೂಲ ಸಣ್ಣಕಥೆಯಲ್ಲಿ ಸ್ಟೆಲ್ಲಾ ಇಲ್ಲವೇ ಇಲ್ಲ. ಗ್ರೇಸ್ ಕೆಲಿ ಮಾಡಿದ ಲೀಸಾ ಕೂಡ ಇಲ್ಲ. ಅಲ್ಲಿರುವುದು ಸ್ಯಾಮ್ ಎಂಬ ಕೆಲಸದಾಳು. ಇಬ್ಬರು ಹೆಂಗಸರೂ ಚಿತ್ರಕಥೆಗಾರ ಜಾನ್ ಮೈಕಲ್ ಹೇಯ್ಸ್ ಚಿತ್ರಕ್ಕಾಗಿ ತಂದವರು. ಸ್ಟೆಲ್ಲಾ ಒಳಗೆ ಬಂದ ಮೊದಲ ದೃಶ್ಯದಲ್ಲಿ ಏನು ಮಾಡುತ್ತಾಳೆ ನೋಡಿ. ಕಿಟಕಿ ಹಣಕಿ ನೋಡುವವರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಆರು ತಿಂಗಳ ಸಜೆ ಅಂತ ಬೈಯುತ್ತಲೇ ಒಳಗೆ ಬರುತ್ತಾಳೆ. ಜೇಮ್ಸ್ ಸ್ಟೀವರ್ಟ್ ಬಾಯಿಗೆ ಥರ್ಮಾಮೀಟರ್ ತುರುಕುತ್ತಾಳೆ. ಅವನು ಮಾತಾಡುವ ಹಾಗಿಲ್ಲ, ಇವಳು ನಿಲ್ಲಿಸುವ ಹಾಗಿಲ್ಲ. ಹಾಸಿಗೆಗೆ ಬಟ್ಟೆ ಹಾಸುವುದು, ಎಣ್ಣೆ ಸುರಿಯುವುದು, ಬೆನ್ನು ತಿಕ್ಕುವುದು ನಡೆದೇ ಇರುತ್ತದೆ. ತಣ್ಣನೆ ಎಣ್ಣೆ ಬಿದ್ದು ಅವನು ಚೀರಿದರೆ ಅದಕ್ಕೂ ಒಂದು ಉತ್ತರ ರೆಡಿ. ಮಾತಿನಷ್ಟೇ ಆ ಕೈಗಳನ್ನೂ ಗಮನಿಸಿ ಅಂತ ಕೇಳಿಕೊಳ್ಳುತ್ತೇನೆ. ಒಂದು ಕೆಲಸವನ್ನು ಸಾವಿರ ಸಲ ಮಾಡಿದವರ ಕೈ ಅದು. ಕಣ್ಣು ಅತ್ತ ಇದ್ದರೂ ಕೈ ತಪ್ಪುವುದಿಲ್ಲ. ಕೈಗೆ ಕೆಲಸ ಇರುವುದರಿಂದಲೇ ಆ ದೊಡ್ಡ ದೊಡ್ಡ ಮಾತುಗಳು ಉಪದೇಶದ ಹಾಗೆ ಕೇಳುವುದಿಲ್ಲ. ಇವೇ ಮಾತುಗಳನ್ನು ಸುಮ್ಮನೆ ಕುರ್ಚಿಯಲ್ಲಿ ಕೂತು ಹೇಳಿಸಿದ್ದರೆ ಎಷ್ಟು ಬೋರು ಹೊಡೆಯುತ್ತಿತ್ತು ಅಂತ ಯೋಚಿಸಿ.

ಇನ್ನೊಂದು ಬೆಳಿಗ್ಗೆ. ಸ್ಟೀವರ್ಟ್ ಮುಂದೆ ಮೊಟ್ಟೆ, ಬೇಕನ್ ಇಟ್ಟು, ಆ ಎದುರುಮನೆಯವನು ಹೆಂಡತಿಯನ್ನು ಎಲ್ಲಿ ತುಂಡು ಮಾಡಿರಬಹುದು ಅಂತ ಜೋರಾಗಿ ಯೋಚನೆ ಮಾಡುತ್ತಾಳೆ. ಹೌದಲ್ಲ, ಬಚ್ಚಲ ತೊಟ್ಟಿಯಲ್ಲೇ, ರಕ್ತ ತೊಳೆಯುವುದಕ್ಕೆ ಅದೇ ಸಲೀಸು. ಸ್ಟೀವರ್ಟ್‌ನ ಫೋರ್ಕು ಅರ್ಧದಾರಿಯಲ್ಲಿ ನಿಲ್ಲುತ್ತದೆ. ಇಲ್ಲಿ ರಿಟ್ಟರ್ ನಗಿಸುವುದಕ್ಕೆ ಒಂದಿಷ್ಟೂ ಪ್ರಯತ್ನಪಡುವುದಿಲ್ಲ. ಮನೆ ಶುಚಿ ಮಾಡುವುದು ಗೊತ್ತಿರುವ ಹೆಂಗಸು ಶುಚಿ ಮಾಡುವ ಸಮಸ್ಯೆಯ ಬಗ್ಗೆ ಯೋಚಿಸುತ್ತಿದ್ದಾಳೆ, ಅಷ್ಟೇ. ಈ ಚಿತ್ರದಲ್ಲಿ ಮಾತ್ರ ಅವಳನ್ನು ಕೊನೆಯವರೆಗೂ ಉಳಿಸಿಕೊಂಡಿದ್ದಾರೆ. ಲೀಸಾ ಜೊತೆ ಇಳಿದುಹೋಗಿ ಹೂವಿನ ಪಾತಿ ಅಗೆಯುವವಳೂ ಇವಳೇ. ಹಣಕಿ ನೋಡುವುದು ತಪ್ಪು ಅಂದವಳು ಯಾವಾಗ ತಾನೂ ದುರ್ಬೀನು ಹಿಡಿದಳು ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಹಿಚ್‌ಕಾಕ್‌ಗೆ ಬೇಕಾದದ್ದೂ ಅದೇ. ಇಷ್ಟು ವಿವೇಕ ಇರುವವಳೇ ಕಿಟಕಿಗೆ ಅಂಟಿಕೊಂಡ ಮೇಲೆ ಇನ್ನು ಪ್ರೇಕ್ಷಕರಾದ ನಮ್ಮದೇನು!

ಇಷ್ಟಾದರೂ, ರಿಟ್ಟರ್ ನಟಿಸಿದ್ದರಲ್ಲಿ ಎತ್ತರದ್ದು ಯಾವುದು ಅಂದರೆ ನಾನು 1953ರ 'ಪಿಕಪ್ ಆನ್ ಸೌತ್ ಸ್ಟ್ರೀಟ್' ಅನ್ನುತ್ತೇನೆ. ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್. ಸ್ಕಿಪ್ ಎಂಬ ಜೇಬುಗಳ್ಳ (ರಿಚರ್ಡ್ ವಿಡ್‌ಮಾರ್ಕ್) ಸಬ್‌ವೇ ರೈಲಿನಲ್ಲಿ ಒಬ್ಬ ಹೆಂಗಸಿನ ಪರ್ಸು ಎಗರಿಸುತ್ತಾನೆ. ಅದರಲ್ಲಿ ಕಮ್ಯುನಿಸ್ಟ್ ಗೂಢಚಾರರಿಗೆ ಸೇರಬೇಕಾದ ಮೈಕ್ರೋಫಿಲ್ಮ್ ಇರುತ್ತದೆ. ಮೆಕಾರ್ಥಿ ಕಾಲದ, ಅಂದರೆ ಅಮೆರಿಕದಲ್ಲಿ ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲದ ಕಥೆ, ಆ ಕಾಲದ ಭಯವೆಲ್ಲ ಇದರಲ್ಲಿದೆ. ಫ್ರಾನ್ಸಿನಲ್ಲಿ ಡಬ್ ಮಾಡುವಾಗ ಕಮ್ಯುನಿಸ್ಟರನ್ನು ತೆಗೆದು ಮಾದಕವಸ್ತು ಸಾಗಣೆದಾರರನ್ನಾಗಿ ಬದಲಾಯಿಸಿದರು. ಕಥೆ ಆಗಲೂ ನಿಂತಿತು! ರಿಟ್ಟರ್ ಮಾಡಿದ ಮೋ ಪಾತ್ರವನ್ನು ತೆಗೆದಿದ್ದರೆ ಮಾತ್ರ ನಿಲ್ಲುತ್ತಿರಲಿಲ್ಲ.

ಮೋ ಹೊರಗೆ ಟೈ ಮಾರುತ್ತಾಳೆ. ಒಳಗೆ ಅವಳ ವ್ಯಾಪಾರ ಬೇರೆ: ಜೇಬುಗಳ್ಳರ ಸುದ್ದಿಯನ್ನು ಪೊಲೀಸರಿಗೆ ಮಾರುವುದು. ಕಳ್ಳನ ಕೈ ಹೇಗೆ ಹೊರಳಿತು, ಪೇಪರನ್ನು ಹೇಗೆ ಹಿಡಿದಿದ್ದ ಅಂತ ಕೇಳಿದರೆ ಸಾಕು, ಇಂಥವನೇ ಇರಬೇಕು ಅಂತ ಹೇಳಬಲ್ಲಳು. ಪೊಲೀಸ್ ಕ್ಯಾಪ್ಟನ್ ಜೊತೆ ರೇಟಿಗೆ ಚೌಕಾಸಿ ಮಾಡುತ್ತಾಳೆ, ಸಾಮಾನಿನ ಬೆಲೆಯೆಲ್ಲ ಏರಿದೆ ಅನ್ನುತ್ತಾಳೆ. ಆ ದುಡ್ಡೆಲ್ಲ ಯಾತಕ್ಕೆ? ಸತ್ತ ಮೇಲೆ ಅನಾಥ ಹೆಣಗಳನ್ನು ಹೂಳುವ ಜಾಗಕ್ಕೆ ತನ್ನನ್ನು ಒಯ್ಯಬಾರದು, ತನಗೊಂದು ಸ್ವಂತ ಜಾಗ, ಮೇಲೊಂದು ಕಲ್ಲು ಬೇಕು. ಅಲ್ಲಿ ಹೂತುಬಿಟ್ಟರೆ ನಾನು ಸತ್ತೇ ಹೋಗ್ತೀನಿ ಅನ್ನುತ್ತಾಳೆ, ಮುಖದಲ್ಲಿ ಒಂದು ಗೆರೆ ಕೂಡ ಬದಲಾಗದೆ. ಸ್ಕಿಪ್‌ನ ವಿಳಾಸವನ್ನೂ ಅವಳೇ ಮಾರಿದ್ದಾಳೆ. ಅದು ಗೊತ್ತಾದ ಮೇಲೂ ಸ್ಕಿಪ್‌ಗೆ ಕೋಪವಿಲ್ಲ. ಅವಳ ಹೊಟ್ಟೆಪಾಡು ನಡೀಬೇಕಲ್ಲ ಅನ್ನುತ್ತಾನೆ. ಈ ಲೋಕದಲ್ಲಿ ದ್ರೋಹಕ್ಕೂ ಒಂದು ನಿಗದಿಯಾದ ರೇಟಿದೆ, ಅದರೊಳಗೆ ನಡೆದದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಆದರೆ ಗೂಢಚಾರನಾದ ಜೋಯಿ ರಾತ್ರಿ ಅವಳ ಕೋಣೆಗೆ ಬಂದು ಅದೇ ವಿಳಾಸ ಕೇಳಿದಾಗ ಮೋ ಮಾರುವುದಿಲ್ಲ. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದರೂ ಸಾಕಾಗಿಲ್ಲ. ದಿನವಿಡೀ ಟೈ ಚೀಲ ಹೊತ್ತು ತಿರುಗಿದ ಮುದುಕಿ ಹಾಸಿಗೆಯಲ್ಲಿ ಒರಗಿದ್ದಾಳೆ, ಪಕ್ಕದಲ್ಲಿ ಗ್ರಾಮಫೋನ್ ಹಾಡುತ್ತಿದೆ. ಬಂದವನ ಕೈಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತು. ಬೇಡಿಕೊಳ್ಳುವುದಿಲ್ಲ, ವೀರಾವೇಶವೂ ಇಲ್ಲ. ಸುಸ್ತಾಗಿದೆ ಅನ್ನುತ್ತಾಳೆ. ಕಮ್ಯುನಿಸ್ಟರ ವಿಷಯ ತನಗೇನೂ ತಿಳಿಯದು, ಅವರು ಹಿಡಿಸುವುದಿಲ್ಲ ಅನ್ನುವುದಷ್ಟೇ ತಿಳಿದಿದೆ ಅನ್ನುತ್ತಾಳೆ. ಕೊನೆಗೆ, ನನ್ನನ್ನು ಮುಗಿಸಿದರೆ ನೀನು ನನಗೆ ಉಪಕಾರ ಮಾಡಿದ ಹಾಗೆ ಅನ್ನುತ್ತಾಳೆ. ರಿಟ್ಟರ್ ಇದನ್ನೆಲ್ಲ ಹೇಳುವುದು ದಿನಗೂಲಿ ಮುಗಿಸಿ ಬಂದವರು ಮಾತಾಡುವ ದನಿಯಲ್ಲಿ. ಒಂದೊಂದು ಪದವನ್ನೂ ಎತ್ತಿ ಇಡುವುದಕ್ಕೆ ಶಕ್ತಿ ಸಾಲುತ್ತಿಲ್ಲವೇನೋ ಅನ್ನುವ ಹಾಗೆ. ಕ್ಯಾಮೆರಾ ಅವಳ ಮುಖ ಬಿಟ್ಟು ಗ್ರಾಮಫೋನಿನ ಕಡೆ ಸರಿಯುತ್ತದೆ, ಗುಂಡಿನ ಸದ್ದು ಕೇಳುತ್ತದೆ, ಹಾಡು ಮುಗಿದ ತಟ್ಟೆಯ ಮೇಲೆ ಮುಳ್ಳು ಕೆರೆಯುತ್ತಲೇ ಇರುತ್ತದೆ. ಆಮೇಲೆ ಸ್ಕಿಪ್, ಅನಾಥರ ಹೆಣಗಳನ್ನು ಸಾಗಿಸುವ ದೋಣಿಯಿಂದ ಅವಳ ಪೆಟ್ಟಿಗೆಯನ್ನು ಬಿಡಿಸಿಕೊಂಡು ಬರುತ್ತಾನೆ. ಸಿನಿಮಾದಲ್ಲಿ ಕಣ್ಣೀರು ಹಾಕಿಸುವ ಸಾವುಗಳು ಬೇಕಾದಷ್ಟಿವೆ. ದಣಿವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಸಾವು ಅಪರೂಪ.

ಆಸ್ಕರ್ ವಿಷಯಕ್ಕೆ ಬರದಿದ್ದರೆ ನೀವು ಬಿಡುವುದಿಲ್ಲ. ಪೋಷಕ ನಟಿ ವಿಭಾಗದಲ್ಲಿ ರಿಟ್ಟರ್ ಹೆಸರು ಆರು ಸಲ ಬಂತು. 1950ರಿಂದ 1953ರವರೆಗಿನ ಚಿತ್ರಗಳಿಗೆ ಸತತ ನಾಲ್ಕು ವರ್ಷ, ಆಮೇಲೆ 1959ರ 'ಪಿಲ್ಲೋ ಟಾಕ್', 1962ರ 'ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್'. ಪ್ರಶಸ್ತಿ ಮಾತ್ರ ಒಮ್ಮೆಯೂ ಬರಲಿಲ್ಲ. 'ಆಲ್ ಅಬೌಟ್ ಈವ್' ಹದಿನಾಲ್ಕು ನಾಮನಿರ್ದೇಶನ ಪಡೆದು ಆರು ಪ್ರಶಸ್ತಿ ಗೆದ್ದಿತು. ಆದರೆ ಅದೇ ಚಿತ್ರದ ಸೆಲೆಸ್ಟ್ ಹೋಮ್ ಕೂಡ ಇದೇ ವಿಭಾಗದಲ್ಲಿದ್ದರು. ಪ್ರಶಸ್ತಿ 'ಹಾರ್ವಿ'ಯ ಜೋಸೆಫಿನ್ ಹಲ್ ಪಾಲಾಯಿತು. ಮೋ ಪಾತ್ರದ ವರ್ಷ ಗೆದ್ದವರು ಡೋನಾ ರೀಡ್. ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಈ ವಿಭಾಗವೇ ಶುರುವಾದದ್ದು 1936ರ ಚಿತ್ರಗಳಿಂದ. 1943ರ ಚಿತ್ರಗಳ ಪ್ರಶಸ್ತಿ ಬರುವ ತನಕ ಪೋಷಕ ನಟರಿಗೆ ಪೂರ್ತಿ ಪ್ರತಿಮೆಯನ್ನೂ ಕೊಡುತ್ತಿರಲಿಲ್ಲ, ಒಂದು ಫಲಕ ಕೊಟ್ಟು ಕಳಿಸುತ್ತಿದ್ದರು. 1955ರ ಸಮಾರಂಭ ಹಾಲಿವುಡ್ ಮತ್ತು ನ್ಯೂಯಾರ್ಕ್ ಎರಡೂ ಕಡೆ ಏಕಕಾಲಕ್ಕೆ ನಡೆದಾಗ ನ್ಯೂಯಾರ್ಕ್ ವೇದಿಕೆಯ ನಿರೂಪಣೆಗೆ ಕರೆದದ್ದು ರಿಟ್ಟರ್ ಅವರನ್ನೇ. ಊಟ ಬಡಿಸುವುದಕ್ಕೆ ಬನ್ನಿ, ಪಂಕ್ತಿಯಲ್ಲಿ ಜಾಗ ಇಲ್ಲ ಅಂದ ಹಾಗೆ.

ಪೋಷಕ ಅಂತ ಕರೆದ ಪಾತ್ರಗಳೆಲ್ಲ ನಿಜಕ್ಕೂ ಪೋಷಕವೇ ಅನ್ನುವುದೂ ಒಂದು ಪ್ರಶ್ನೆ. 1951ರ 'ದಿ ಮೇಟಿಂಗ್ ಸೀಸನ್' ನೋಡಿ. ಹ್ಯಾಂಬರ್ಗರ್ ಅಂಗಡಿ ನಡೆಸುವ ತಾಯಿ, ಶ್ರೀಮಂತರ ಮನೆ ಹುಡುಗಿಯನ್ನು ಮದುವೆಯಾದ ಮಗನ ಮನೆಗೆ ಬರುತ್ತಾಳೆ. ಸೊಸೆ ಅವಳನ್ನು ಅಡುಗೆಗೆ ಕರೆಸಿದವಳು ಅಂದುಕೊಳ್ಳುತ್ತಾಳೆ. ಇವಳು ತಿದ್ದುವುದಿಲ್ಲ, ಅಡುಗೆಯವಳಾಗಿಯೇ ಉಳಿಯುತ್ತಾಳೆ. ಇಡೀ ಕಥೆ ನಿಂತಿರುವುದು ಈ ತಾಯಿಯ ಮೇಲೆ. ಅದಕ್ಕೂ ಪೋಷಕ ಪಾತ್ರದ ನಾಮನಿರ್ದೇಶನವೇ. ಪೋಸ್ಟರಿನ ಮುಖ ಜೀನ್ ಟಿಯರ್ನಿಯದು.

'ಪಿಲ್ಲೋ ಟಾಕ್'ನ ದಿನಾ ಕುಡಿದ ಅಮಲು ಇಳಿಯದೆ ಕೆಲಸಕ್ಕೆ ಬರುವ ಆಲ್ಮಾ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೋಡಿ ನಗಬೇಕಾದ ಪಾತ್ರ ಅದು. 'ಬರ್ಡ್‌ಮ್ಯಾನ್' ಮಾತ್ರ ಬೇರೆ. ಅಲ್ಲಿ ಈಕೆ ಕೈದಿಯ ತಾಯಿ. ಗಲ್ಲಿನಿಂದ ಮಗನನ್ನು ಉಳಿಸಲು ಅಧ್ಯಕ್ಷರ ಹೆಂಡತಿಯವರೆಗೂ ಹೋಗುತ್ತಾಳೆ; ಅದೇ ಮಗ ಜೈಲಿನಲ್ಲಿದ್ದೇ ಮದುವೆಯಾದಾಗ ಅವನ ವಿರುದ್ಧವೇ ತಿರುಗುತ್ತಾಳೆ. ಜನ ಇಷ್ಟಪಟ್ಟ ಆ ಹಾಸ್ಯವನ್ನೆಲ್ಲ ಇಲ್ಲಿ ಕಳಚಿಟ್ಟಿದ್ದಾರೆ. ಪ್ರೀತಿ ಹಿಡಿತವಾಗುವುದನ್ನು ಆ ಬಿಗಿದ ತುಟಿಯಲ್ಲೇ ತೋರಿಸುತ್ತಾರೆ.

ರಂಗಭೂಮಿ ಇವರನ್ನು ಇನ್ನೊಂದು ರೀತಿ ಕಂಡಿತು. 1957ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಗಳ ಕೇಂದ್ರವಾದ ಬ್ರಾಡ್ವೇಯಲ್ಲಿ 'ನ್ಯೂ ಗರ್ಲ್ ಇನ್ ಟೌನ್' ಎಂಬ ಸಂಗೀತ ನಾಟಕ ಬಂತು. ಯೂಜಿನ್ ಒನೀಲ್‌ರ 'ಅನಾ ಕ್ರಿಸ್ಟಿ' ಆಧರಿಸಿದ್ದು, ನೃತ್ಯ ಸಂಯೋಜನೆ ಬಾಬ್ ಫಾಸಿಯವರದು. ಅದರಲ್ಲಿ ಮಾರ್ಥಿಯ ಪಾತ್ರ ಮಾಡಿದ ರಿಟ್ಟರ್ ರಂಗಭೂಮಿಯ ಆಸ್ಕರ್ ಅನ್ನಬಹುದಾದ ಟೋನಿ ಪ್ರಶಸ್ತಿಯನ್ನು 1958ರಲ್ಲಿ ಅದೇ ನಾಟಕದ ನಾಯಕಿ ಗ್ವೆನ್ ವರ್ಡನ್ ಜೊತೆ ಹಂಚಿಕೊಂಡರು, ಮುಖ್ಯ ನಟಿಯ ವಿಭಾಗದಲ್ಲೇ. ಟಿವಿಯಲ್ಲಿ 1955ರಲ್ಲಿ ಬರಹಗಾರ ಪ್ಯಾಡಿ ಚಯೆಫ್‌ಸ್ಕಿಯ ನಾಟಕ 'ದಿ ಕೇಟರ್ಡ್ ಅಫೇರ್' ನೇರ ಪ್ರಸಾರವಾದಾಗ, ಮಗಳ ಮದುವೆ ಅದ್ದೂರಿಯಾಗಿ ಆಗಲಿ ಅಂತ ಹಟ ಹಿಡಿಯುವ ಬಡ ತಾಯಿ ರಿಟ್ಟರ್. ಮರುವರ್ಷ ಅದು ಸಿನಿಮಾ ಆಯಿತು. ಪಾತ್ರ ಬೆಟಿ ಡೇವಿಸ್‌ಗೆ ಹೋಯಿತು. ಬರ್ಡಿ ಇದ್ದಿದ್ದರೆ ಏನೋ ಒಂದು ಮಾತು ಒಗೆಯುತ್ತಿದ್ದಳು.

ಶೂಟಿಂಗಿಗೆ ಹಾಲಿವುಡ್ಡಿಗೆ ಹೋಗಿ ಬರುತ್ತಿದ್ದರೂ ರಿಟ್ಟರ್ ಮನೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲೇ ಇತ್ತು. 1969ರ ಫೆಬ್ರವರಿ 5ರಂದು ಹೃದಯಾಘಾತದಿಂದ ತೀರಿಕೊಂಡರು. ಅರವತ್ತಾರು ವರ್ಷ. ತೆರೆಯ ಮೇಲೆ ಇದ್ದದ್ದು ಇಪ್ಪತ್ತೆರಡು ವರ್ಷವೂ ಇಲ್ಲ.

ಮಾತು ಮುಗಿದ ಮೇಲೆ ಒಬ್ಬರು, ಈಕೆಯ ಚಿತ್ರಗಳನ್ನು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರು. ಸ್ಟೆಲ್ಲಾಳನ್ನು ಈಗ ನೋಡಿದ್ದೀರಿ, ಮುಂದೆ ಮೋಳನ್ನು ನೋಡಿ ಅಂದೆ. 'ಪಿಕಪ್ ಆನ್ ಸೌತ್ ಸ್ಟ್ರೀಟ್' ಬರೀ ಎಂಬತ್ತು ನಿಮಿಷದ ಚಿತ್ರ, ಒಂದು ಸಂಜೆಗೆ ಆರಾಮಾಗಿ ಆಗುತ್ತದೆ. 'ಆಲ್ ಅಬೌಟ್ ಈವ್' ಭಾನುವಾರಕ್ಕೆ ಇಟ್ಟುಕೊಳ್ಳಿ, ಅದು ಉದ್ದ.